ಬಿಳುಪಿನಲ್ಲಿ ಎಷ್ಟು ಬಗೆ: ಹವಳದ ದಿಬ್ಬಗಳ ರೋಗವನ್ನು ಓದುವ ವಿದ್ಯೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮನೆಯಲ್ಲಿ ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿನಲ್ಲಿ ಅಜ್ಜಿ ಮೊದಲು ನೋಡುತ್ತಿದ್ದದ್ದು ತಟ್ಟೆಯ ನಡುವನ್ನಲ್ಲ, ಅಂಚನ್ನು. ಆರೋಗ್ಯವಾಗಿರುವ ಹುಳು ಹಿಪ್ಪುನೇರಳೆ ಸೊಪ್ಪಿನಲ್ಲಿ ತಲೆ ಹುದುಗಿಸಿ ತಿನ್ನುತ್ತಿರುತ್ತದೆ. ಸೊಪ್ಪನ್ನು ಬಿಟ್ಟು ಅಂಚಿನ ಮೇಲೆ ಅಲೆದಾಡುವ, ಗಿಣ್ಣುಗಳ ನಡುವೆ ಊದಿಕೊಂಡು ಹೊಳೆಯುವ ಹುಳು ಕಂಡರೆ ಅದು ಹಾಲುತೊಂಡೆ ರೋಗವೆಂದು ಅವರು ಮುಟ್ಟದೆಯೇ ಹೇಳುತ್ತಿದ್ದರು. ಅದರ ಚರ್ಮ ಒಡೆದರೆ ಹಾಲಿನಂಥ ದ್ರವ ಸೋರುತ್ತದೆ. ಸತ್ತ ಹುಳು ಕೊಳೆಯದೆ, ಬಿರುಸಾಗಿ, ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗಾದರೆ ಅದು ಸುಣ್ಣಕಟ್ಟು ರೋಗ. ಎರಡರಲ್ಲಿಯೂ ಕಣ್ಣಿಗೆ ಬೀಳುವುದು ಬಿಳುಪೇ, ಆದರೆ ಮೊದಲನೆಯದು ವೈರಸ್ಸಿನಿಂದ ಬರುವುದು, ಎರಡನೆಯದು ಶಿಲೀಂಧ್ರದಿಂದ. ಅಜ್ಜಿ ಊರಿನಲ್ಲಿಲ್ಲದ ಒಂದು ಮಳೆಗಾಲದಲ್ಲಿ ನಾವು ಈ ವ್ಯತ್ಯಾಸವನ್ನು ತಿಳಿಯದೆ ಮೂರು ದಿನ ಕಳೆದೆವು, ಆ ಬೆಳೆಯ ಅರ್ಧದಷ್ಟು ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಯನ್ನು ಹತ್ತಲೇ ಇಲ್ಲ.

ಕಡಲಿಲ್ಲದ ಜಿಲ್ಲೆಯವನಾದ ನಾನು ಹವಳದ ದಿಬ್ಬಗಳ ರೋಗ ತಪಾಸಣೆಯ ಬಗ್ಗೆ ಓದತೊಡಗಿದಾಗ ಈ ನೆನಪು ಮತ್ತೆ ಮತ್ತೆ ಬಂತು. ಏಕೆಂದರೆ ಅಲ್ಲಿಯೂ ಮೊದಲ ಪ್ರಶ್ನೆ ಇದೇ ಆಗಿದೆ: ಹವಳ ಬೆಳ್ಳಗಾಗಿದೆ ಎಂಬುದು ಎಲ್ಲರಿಗೂ ಕಾಣುತ್ತದೆ, ಆದರೆ ಅದು ಯಾವ ಬಿಳುಪು?

ನಮ್ಮಲ್ಲಿ ಹವಳವೆಂದರೆ ಕೊರಳ ಸರದ ಕೆಂಪು ಮಣಿ. ಅದು ಮುಖ್ಯವಾಗಿ ಮೆಡಿಟರೇನಿಯನ್ ಕಡಲಿನಲ್ಲಿ ಸಿಗುವ ಬೇರೆಯೇ ಜಾತಿ. ಉಷ್ಣವಲಯದ ದಿಬ್ಬಗಳನ್ನು ಕಟ್ಟುವ ಹವಳಗಳು ಅದರ ದೂರದ ನಂಟರು. ದಿಬ್ಬದ ಹವಳ ಗಿಡದಂತೆ ಕಂಡರೂ ಪ್ರಾಣಿ. ಹೆಚ್ಚಿನ ಜಾತಿಗಳಲ್ಲಿ ಕೆಲವೇ ಮಿಲಿಮೀಟರ್ ಗಾತ್ರದ, ಬಾಯಿಯ ಸುತ್ತ ಎಳೆಗಳಿರುವ ಪಾಲಿಪ್ ಎಂಬ ಜೀವಿಗಳು ಸಾವಿರಗಟ್ಟಲೆ ಒಂದಕ್ಕೊಂದು ಅಂಟಿಕೊಂಡು ಒಂದೇ ಹವಳವಾಗಿ ಬಾಳುತ್ತವೆ ಮತ್ತು ತಮ್ಮ ಬುಡದಲ್ಲಿ ಸುಣ್ಣದ ಗೂಡನ್ನು ಸ್ರವಿಸುತ್ತ ಹೋಗುತ್ತವೆ. ಗೂಡೆಂದ ತಕ್ಷಣ ನಮ್ಮ ಕಡೆಯವರಿಗೆ ರೇಷ್ಮೆಗೂಡು ನೆನಪಾಗುವುದು ಸಹಜ, ಮತ್ತು ಆ ಹೋಲಿಕೆ ತಪ್ಪೂ ಅಲ್ಲ: ಎರಡೂ ಜೀವಿಯೊಂದು ತನ್ನ ಮೈಯಿಂದಲೇ ತೆಗೆದು ಕಟ್ಟುವ ಮನೆ. ವ್ಯತ್ಯಾಸವೆಂದರೆ ಹುಳು ಮೂರು ದಿನಗಳಲ್ಲಿ ಗೂಡು ಮುಗಿಸುತ್ತದೆ, ಗುಂಡುಕಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಕಟ್ಟುತ್ತದೆ. ಹೀಗೆ ಸಾವಿರಾರು ವರ್ಷ ಕಟ್ಟಿದ ದಿಬ್ಬಗಳು ಕಡಲ ತಳದ ಶೇ. 1ಕ್ಕಿಂತ ಕಡಿಮೆ ಜಾಗವನ್ನು ಆವರಿಸಿದ್ದರೂ ಕಡಲಜೀವಿಗಳ ಸುಮಾರು ಕಾಲು ಭಾಗದಷ್ಟು ಜಾತಿಗಳು ತಮ್ಮ ಬದುಕಿನ ಯಾವುದಾದರೊಂದು ಹಂತದಲ್ಲಿ ಇವನ್ನೇ ನೆಚ್ಚಿಕೊಂಡಿವೆ.

ಪಾಲಿಪಿನ ಅಂಗಾಂಶದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸವಾಗಿರುತ್ತವೆ. ಅವು ಬಿಸಿಲಿನಿಂದ ತಯಾರಿಸಿದ ಆಹಾರವನ್ನು ಹವಳಕ್ಕೆ ಕೊಡುತ್ತವೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಈ ಮೂಲದಿಂದಲೇ ಬರಬಲ್ಲದು. ಹವಳದ ಕಂದು, ಹಸಿರು, ಹೊಂಬಣ್ಣಗಳಲ್ಲಿ ಹೆಚ್ಚಿನ ಪಾಲು ಈ ಪಾಚಿಯದೇ. ನೀರಿನ ಬಿಸಿ ಆ ಜಾಗದ ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ವಾರಗಟ್ಟಲೆ ಹಾಗೆಯೇ ನಿಂತರೆ ಪಾಚಿಯ ಆಹಾರ ತಯಾರಿಕೆ ಕೆಟ್ಟು ವಿಷಕಾರಿ ಆಮ್ಲಜನಕದ ರೂಪಗಳು ಹುಟ್ಟುತ್ತವೆ ಮತ್ತು ಹವಳ ತನ್ನ ಪಾಚಿಯನ್ನು ಹೊರಹಾಕುತ್ತದೆ. ಆಗ ಅಂಗಾಂಶ ಗಾಜಿನಂತೆ ಪಾರದರ್ಶಕವಾಗಿ ಒಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಇದನ್ನು ಬಿಳಿಚಿಕೊಳ್ಳುವಿಕೆ ಎನ್ನುತ್ತಾರೆ. ಬಿಳಿಚಿಕೊಂಡ ಹವಳ ಸತ್ತಿಲ್ಲ, ಉಪವಾಸವಿದೆ. ಕೆಲವು ವಾರಗಳಲ್ಲಿ ನೀರು ತಣಿದರೆ ಉಳಿದ ಪಾಚಿ ಮತ್ತೆ ಹೆಚ್ಚಿಕೊಂಡು ಬಣ್ಣ ಮರಳುತ್ತದೆ, ತಣಿಯದಿದ್ದರೆ ಸಾಯುತ್ತದೆ. ಪತ್ರಿಕೆಗಳು ಬಿಳಿಚಿಕೊಂಡ ಹವಳವನ್ನೂ ಸತ್ತ ಹವಳವನ್ನೂ ಒಂದೇ ಎಂಬಂತೆ ಬರೆಯುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ತಪಾಸಣೆಯ ಇಡೀ ಕೆಲಸವೇ ಆ ಎರಡರ ನಡುವಿನ ಅಂತರದಲ್ಲಿ ನಡೆಯುವಂಥದ್ದು.

ಎರಡನೆಯ ಬಿಳುಪು ರೋಗದ್ದು. ಇಲ್ಲಿ ಅಂಗಾಂಶ ಬಣ್ಣ ಕಳೆದುಕೊಂಡಿರುವುದಿಲ್ಲ, ಅಂಗಾಂಶವೇ ಕಳಚಿಹೋಗಿರುತ್ತದೆ. ಮುಳುಗುಗಾರರು ಹತ್ತಿರ ಹೋಗಿ ನೋಡುವುದು ಗಾಯದ ಅಂಚನ್ನು. ಒಂದು ಕಡೆ ಬಣ್ಣ ತುಂಬಿದ ಜೀವಂತ ಹವಳ; ಅದರ ಪಕ್ಕದಲ್ಲಿ ಗೆರೆ ಎಳೆದಂತೆ ಬರಿಯ ಬಿಳಿ ಸುಣ್ಣದ ಪಟ್ಟಿ; ಅದರಾಚೆ ತೆಳುವಾದ ಹಸಿರು-ಹಳದಿ ಪಾಚಿಯ ಲೇಪ; ಇನ್ನೂ ಆಚೆ ದಟ್ಟ ಪಾಚಿ ಹಿಡಿದು ಕಂದಾದ ಹಳೆಯ ಸುಣ್ಣ. ಸತ್ತ ಸುಣ್ಣದ ಮೇಲೆ ಪಾಚಿ ಕೆಲವೇ ದಿನಗಳಲ್ಲಿ ಹಿಡಿಯತೊಡಗುವುದರಿಂದ ಈ ಬಣ್ಣಗಳ ಸಾಲು ಕಾಲದ ಸಾಲೂ ಹೌದು: ಅಚ್ಚ ಬಿಳಿ ಈ ವಾರದ ಸಾವು, ಹಸಿರು ಲೇಪ ಅದಕ್ಕೆ ಹಿಂದಿನದು, ಕಂದು ಅದಕ್ಕೂ ಹಿಂದಿನದು. ಬಿಳಿ ಪಟ್ಟಿ ಅಗಲವಾಗಿದ್ದರೆ ರೋಗ ವೇಗವಾಗಿ ಸಾಗುತ್ತಿದೆ ಎಂದೂ, ಕಿರಿದಾಗಿದ್ದರೆ ನಿಧಾನವೆಂದೂ ಒಂದೇ ನೋಟದಲ್ಲಿ ಊಹಿಸಬಹುದು. ಊಹೆಯನ್ನು ಖಚಿತಪಡಿಸಿಕೊಳ್ಳಲು ಅಂಚಿನ ಪಕ್ಕದ ಸತ್ತ ಭಾಗದಲ್ಲಿ ಒಂದು ಮೊಳೆ ಹೊಡೆದೋ ಪ್ಲಾಸ್ಟಿಕ್ ಪಟ್ಟಿ ಕಟ್ಟಿಯೋ ಗುರುತು ಮಾಡಿ, ಮುಂದಿನ ಭೇಟಿಯಲ್ಲಿ ಅಂಚು ಅಲ್ಲಿಂದ ಎಷ್ಟು ದೂರ ಸರಿದಿದೆ ಎಂದು ಅಳೆಯುತ್ತಾರೆ.

ಮೂರನೆಯದು ತಿಂದವರು ಬಿಟ್ಟ ಬಿಳುಪು. ಮುಳ್ಳಿನ ಕಿರೀಟವೆಂದು ಕರೆಯಲಾಗುವ ನಕ್ಷತ್ರಮೀನು ತನ್ನ ಜಠರವನ್ನೇ ಬಾಯಿಂದ ಹೊರಚಾಚಿ ಹವಳದ ಮೇಲೆ ಹರಡಿ, ಅಲ್ಲಿಯೇ ಜೀರ್ಣಿಸಿಕೊಂಡು, ಊಟದ ತಟ್ಟೆಯಷ್ಟಗಲದ ಅಚ್ಚ ಬಿಳಿ ಕಲೆಯನ್ನು ಬಿಟ್ಟು ಹೋಗುತ್ತದೆ. ಒಂದು ವರ್ಷದಲ್ಲಿ ಒಂದು ನಕ್ಷತ್ರಮೀನು ಸುಮಾರು ಹತ್ತು ಚದರ ಮೀಟರಿನವರೆಗೂ ಹವಳವನ್ನು ತಿನ್ನಬಲ್ಲದು. ಡ್ರುಪೆಲ್ಲಾ ಎಂಬ ಸಣ್ಣ ಬಸವನಹುಳುಗಳು ಕವಲುಗಳ ಬುಡದಿಂದ ಮೇಲಕ್ಕೆ ತಿನ್ನುತ್ತ ಬರುತ್ತವೆ. ಇವುಗಳ ಗುರುತು ರೋಗದ ಗುರುತನ್ನು ಎಷ್ಟು ಹೋಲುತ್ತದೆ ಎಂದರೆ, ಬಿಳಿ ಪಟ್ಟಿ ಕಂಡ ಕೂಡಲೇ ರೋಗವೆಂದು ಬರೆಯದೆ ಕವಲುಗಳ ಸಂದಿಯಲ್ಲಿ ಇಣುಕಿ ಬಸವನಹುಳುವಿಲ್ಲವೆಂದು ಖಾತರಿ ಮಾಡಿಕೊಳ್ಳಬೇಕೆಂಬುದು ಅಭ್ಯಾಸಿಗಳಿಗೆ ಕೊಡುವ ಮೊದಲ ಪಾಠಗಳಲ್ಲೊಂದು. ಗಿಳಿಮೀನು ಕಚ್ಚಿದ್ದರೆ ಸುಣ್ಣವೂ ಕೆರೆದುಹೋಗಿ ಹಲ್ಲಿನ ಗುರುತು ಉಳಿದಿರುತ್ತದೆ, ಅದನ್ನು ಗುರುತಿಸುವುದು ಸುಲಭ. ಲಂಗರು, ಬಿರುಗಾಳಿ, ಸಿಡಿಮದ್ದಿನ ಮೀನುಗಾರಿಕೆ ಇವುಗಳಿಂದಾದ ಹಾನಿಯಲ್ಲಿ ಮುರಿದ ತುಂಡುಗಳೇ ಸಾಕ್ಷಿಯಾಗಿ ಬಿದ್ದಿರುತ್ತವೆ.

ಎಲ್ಲ ರೋಗಗಳೂ ಬಿಳಿಯಲ್ಲ. ವಿಜ್ಞಾನಿಗಳು ಮೊದಲು ವಿವರಿಸಿದ ಹವಳದ ರೋಗ ಕಪ್ಪು ಪಟ್ಟಿಯದು. ಕೆರಿಬಿಯನ್ ಪ್ರದೇಶದಲ್ಲಿ ಕಂಡ ಅದನ್ನು 1970ರ ದಶಕದ ಆರಂಭದಲ್ಲಿ ಆರ್ನ್‌ಫ್ರೀಡ್ ಆಂಟೋನಿಯಸ್ ದಾಖಲಿಸಿದರು. ನೀಲಿ-ಹಸಿರು ಸೂಕ್ಷ್ಮಜೀವಿಗಳೂ ಗಂಧಕವನ್ನು ಬಳಸುವ ಬ್ಯಾಕ್ಟೀರಿಯಾಗಳೂ ಸೇರಿ ಹೆಣೆದ ಕರಿಯ ಚಾಪೆಯೊಂದು ಹವಳದ ಮೇಲೆ ಸಾಗುತ್ತ, ತನ್ನ ಅಡಿಯಲ್ಲಿ ಆಮ್ಲಜನಕವಿಲ್ಲದ ವಿಷದ ಪದರವನ್ನು ಮಾಡಿ ಅಂಗಾಂಶವನ್ನು ಕೊಲ್ಲುತ್ತದೆ. ಅನುಕೂಲ ಸಿಕ್ಕಾಗ ಅದು ದಿನಕ್ಕೆ ಒಂದು ಸೆಂಟಿಮೀಟರಿನವರೆಗೂ ಮುಂದುವರಿಯಬಲ್ಲದು. ಹವಳ ಒಂದು ವರ್ಷದಲ್ಲಿ ಬೆಳೆದದ್ದನ್ನು ಪಟ್ಟಿ ಒಂದು ದಿನದಲ್ಲಿ ದಾಟುತ್ತದೆ ಎಂಬ ಈ ಲೆಕ್ಕವನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಕಪ್ಪು ಪಟ್ಟಿ, ಬಿಳಿ ಪಟ್ಟಿ, ಹಳದಿ ಪಟ್ಟಿ, ಕಂದು ಪಟ್ಟಿ ಎಂಬ ಹೆಸರುಗಳೇ ಒಂದು ಸಂಗತಿಯನ್ನು ಹೇಳುತ್ತವೆ: ಹವಳದ ಹೆಚ್ಚಿನ ರೋಗಗಳಿಗೆ ಕಾರಣದಿಂದಲ್ಲ, ಕಂಡ ಬಣ್ಣದಿಂದ ಹೆಸರಿಡಲಾಗಿದೆ. ರೇಷ್ಮೆಯ ಗಂಟುರೋಗವೂ ಒಂದು ಕಾಲಕ್ಕೆ ಹಾಗೆಯೇ ಇತ್ತು. 1865ರಿಂದ ಐದು ವರ್ಷ ಅದರ ಬೆನ್ನು ಹತ್ತಿದ ಲೂಯಿ ಪಾಶ್ಚರ್, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿದ್ದರೆ ಅದರ ಮೊಟ್ಟೆಗಳನ್ನು ತೆಗೆದುಹಾಕುವ ಕ್ರಮವನ್ನು ತೋರಿಸಿಕೊಟ್ಟರು. ಇಂದಿಗೂ ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ ಪರೀಕ್ಷೆ. ಹವಳದ ವಿಷಯದಲ್ಲಿ ಅಂಥ ಖಚಿತತೆ ಸಿಕ್ಕಿರುವುದು ಕೆಲವೇ ರೋಗಗಳಿಗೆ. ಅವುಗಳಲ್ಲಿ ಒಂದು ಫ್ಲಾರಿಡಾದ ಎಲ್ಕ್‌ಹಾರ್ನ್ ಹವಳಕ್ಕೆ ಬಂದ ಬಿಳಿ ಸಿಡುಬು. ಅದಕ್ಕೆ ಸೆರೇಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು 2002ರಲ್ಲಿ ಪ್ರಕಟವಾಯಿತು, ಅದರ ತಳಿ ಮನುಷ್ಯರ ಚರಂಡಿ ನೀರಿನಿಂದ ಬಂದದ್ದೆಂದು 2011ರಲ್ಲಿ ಪ್ರಯೋಗಗಳು ತೋರಿಸಿದವು.

ಇಷ್ಟು ತಿಳಿದ ಮೇಲೆ ಎಣಿಸುವ ಕೆಲಸಕ್ಕೆ ಬರಬಹುದು. ವಿಶಾಲ ಪ್ರದೇಶವನ್ನು ಬೇಗ ನೋಡಬೇಕಾದಾಗ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಬ್ಬ ವೀಕ್ಷಕರು ಹಲಗೆಯೊಂದನ್ನು ಹಿಡಿದು ನೀರಿನಲ್ಲಿ ತೇಲುತ್ತಾರೆ, ದೋಣಿ ಅವರನ್ನು ಹಗ್ಗದಿಂದ ನಿಧಾನವಾಗಿ ಎಳೆಯುತ್ತದೆ. ಪ್ರತಿ ಎರಡು ನಿಮಿಷಕ್ಕೊಮ್ಮೆ ದೋಣಿ ನಿಲ್ಲುತ್ತದೆ, ಆ ಎರಡು ನಿಮಿಷಗಳಲ್ಲಿ ಕಂಡ ಜೀವಂತ ಹವಳದ ಪ್ರಮಾಣ ಮತ್ತು ಮುಳ್ಳಿನ ಕಿರೀಟ ನಕ್ಷತ್ರಮೀನುಗಳ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದುಕೊಳ್ಳುತ್ತಾರೆ. ಆ ದೇಶದ ಕಡಲ ವಿಜ್ಞಾನ ಸಂಸ್ಥೆ 1980ರ ದಶಕದಿಂದ ಇದನ್ನು ಮಾಡಿಕೊಂಡು ಬಂದಿದೆ. 1997ರಲ್ಲಿ ಮೊದಲ ಸಮೀಕ್ಷೆ ನಡೆಸಿದ ರೀಫ್ ಚೆಕ್ ಎಂಬ ಸಂಸ್ಥೆ ಸ್ವಯಂಸೇವಕರಿಗೂ ಆಗುವಂಥ ಕ್ರಮವನ್ನು ರೂಪಿಸಿದೆ: ನೂರು ಮೀಟರ್ ಟೇಪನ್ನು ದಿಬ್ಬದ ಮೇಲೆ ಹಾಸಿ, ಇಪ್ಪತ್ತು ಮೀಟರಿನ ನಾಲ್ಕು ತುಂಡುಗಳಲ್ಲಿ ಪ್ರತಿ ಅರ್ಧ ಮೀಟರಿಗೆ ಟೇಪಿನ ಕೆಳಗೆ ಏನಿದೆ ಎಂದು ಬರೆಯುವುದು. ಗಟ್ಟಿ ಹವಳವೋ, ಮೆದು ಹವಳವೋ, ಇತ್ತೀಚೆಗೆ ಸತ್ತ ಹವಳವೋ, ಮರಳೋ, ಕಲ್ಲೋ, ಹೀಗೆ 160 ಬಿಂದುಗಳು.

ರೋಗಕ್ಕೆ ಮಾತ್ರ ಬಿಂದುಗಳು ಸಾಲವು, ಪಟ್ಟಿ ಬೇಕು. ಟೇಪಿನ ಎರಡೂ ಬದಿಗೆ ಒಂದೊಂದು ಮೀಟರ್ ಅಗಲದಲ್ಲಿರುವ ಪ್ರತಿಯೊಂದು ಹವಳವನ್ನೂ ನೋಡಿ, ಒಟ್ಟು ಎಷ್ಟು, ಅವುಗಳಲ್ಲಿ ರೋಗವಿರುವುದು ಎಷ್ಟು ಎಂದು ಎಣಿಸುತ್ತಾರೆ. ಉದಾಹರಣೆಗೆ 200 ಹವಳಗಳಲ್ಲಿ 6ಕ್ಕೆ ರೋಗವಿದ್ದರೆ ಶೇ. 3. ಈ ಅಂಕಿಯಲ್ಲಿ ಒಂದು ಮೋಸವಿದೆ, ಅದನ್ನು ಬಿಡಿಸಿ ಹೇಳಬೇಕು. ಮುಂದಿನ ವರ್ಷ ಅದೇ ಪಟ್ಟಿಯಲ್ಲಿ 120 ಹವಳಗಳಿದ್ದು 2ಕ್ಕೆ ಮಾತ್ರ ರೋಗವಿದ್ದರೆ ಪ್ರಮಾಣ ಶೇ. 2ಕ್ಕಿಂತ ಕೆಳಗಿಳಿಯುತ್ತದೆ. ಕಾಗದದ ಮೇಲೆ ದಿಬ್ಬ ಚೇತರಿಸಿಕೊಂಡಂತೆ ಕಾಣುತ್ತದೆ. ಆದರೆ ಕಾಯಿಲೆ ಬಿದ್ದವು ಸತ್ತು, ಪಾಚಿ ಹಿಡಿದು, ಎಣಿಕೆಯಿಂದಲೇ ಮರೆಯಾಗಿವೆ. ಎಂಬತ್ತು ಹವಳಗಳು ಇಲ್ಲವಾಗಿವೆ. ಆದ್ದರಿಂದ ರೋಗದ ಪ್ರಮಾಣವನ್ನು ಜೀವಂತ ಹವಳದ ಹೊದಿಕೆಯ, ಅಂದರೆ ದಿಬ್ಬದ ಮೇಲ್ಮೈಯಲ್ಲಿ ಜೀವಂತ ಹವಳ ಆವರಿಸಿರುವ ಪಾಲಿನ, ಜೊತೆಯಲ್ಲಿಟ್ಟೇ ಓದಬೇಕು, ಮತ್ತು ಎರಡೂ ಭೇಟಿಗಳಲ್ಲಿ ನೋಡಿದ್ದು ಅದೇ ಜಾಗ ಎಂಬುದು ಖಾತರಿಯಿರಬೇಕು. ಅದಕ್ಕಾಗಿಯೇ ಸತ್ತ ಬಂಡೆಯಲ್ಲಿ ಕಬ್ಬಿಣದ ಗೂಟಗಳನ್ನು ಶಾಶ್ವತವಾಗಿ ನೆಟ್ಟು, ಅದೇ ಗೂಟಗಳ ನಡುವೆ ಟೇಪನ್ನು ಕಟ್ಟಿ, ಅದೇ ಎತ್ತರದಿಂದ ಫೋಟೋ ತೆಗೆಯುತ್ತಾರೆ. ಇತ್ತೀಚೆಗೆ ಸಾವಿರಾರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹೊಲಿದು ದಿಬ್ಬದ ಮೂರು ಆಯಾಮದ ಮಾದರಿ ಮಾಡುವುದೂ ರೂಢಿಗೆ ಬಂದಿದೆ. ಆದರೂ ಗಾಯದ ಅಂಚನ್ನು ಕಂಡು ಇದು ಬಸವನಹುಳುವೋ ರೋಗವೋ ಎಂದು ತೀರ್ಮಾನಿಸಲು ಪಳಗಿದ ಕಣ್ಣಿಗೆ ಸಮನಾದದ್ದು ಇನ್ನೂ ಬಂದಿಲ್ಲವೆಂದೇ ನನ್ನ ಅಭಿಪ್ರಾಯ.

ಎಲ್ಲಿಗೆ, ಯಾವಾಗ ಮುಳುಗಬೇಕು ಎಂಬುದನ್ನು ಉಪಗ್ರಹ ಹೇಳುತ್ತದೆ. ಅಮೆರಿಕದ ನೋವಾ ಸಂಸ್ಥೆ ಸಮುದ್ರದ ಮೇಲ್ಮೈ ಬಿಸಿಯನ್ನು ಐದು ಕಿಲೋಮೀಟರ್ ಚೌಕಗಳಲ್ಲಿ ದಿನವೂ ಲೆಕ್ಕ ಹಾಕಿ, ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಾದರೂ ಮೇಲೇರಿದ ಬಿಸಿಯನ್ನು ಹನ್ನೆರಡು ವಾರಗಳ ಕಾಲ ಕೂಡಿಸುತ್ತ ಹೋಗುತ್ತದೆ. ಒಂದು ಡಿಗ್ರಿ ಹೆಚ್ಚು ನಾಲ್ಕು ವಾರ ನಿಂತರೂ, ಎರಡು ಡಿಗ್ರಿ ಹೆಚ್ಚು ಎರಡು ವಾರ ನಿಂತರೂ ಮೊತ್ತ 4. ಮೊತ್ತ 4 ದಾಟಿದರೆ ಬಿಳಿಚಿಕೊಳ್ಳುವಿಕೆಯನ್ನೂ, 8 ದಾಟಿದರೆ ಸಾವನ್ನೂ ನಿರೀಕ್ಷಿಸಬೇಕು. ಭಾರತದ ಕಡಲುಗಳಿಗೆ ಇಂಥ ಎಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ. 2023ರಲ್ಲಿ ಆರಂಭವಾದ, 2024ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಘೋಷಿತವಾದ ನಾಲ್ಕನೆಯ ಜಾಗತಿಕ ಬಿಳಿಚಿಕೊಳ್ಳುವಿಕೆಯಲ್ಲಿ ಪ್ರಪಂಚದ ದಿಬ್ಬಗಳ ಶೇ. 80ಕ್ಕೂ ಹೆಚ್ಚು ಪ್ರದೇಶ ಇಂಥ ಬಿಸಿಯನ್ನು ಉಂಡಿದೆ.

ಆದರೆ ಬಿಸಿ ಇಳಿದ ದಿನ ತಪಾಸಣೆ ಮುಗಿಯುವುದಿಲ್ಲ. 2005ರಲ್ಲಿ ಕೆರಿಬಿಯನ್ನಿನ ಅಮೆರಿಕನ್ ವರ್ಜಿನ್ ದ್ವೀಪಗಳಲ್ಲಿ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು, ನೀರು ತಣಿದಂತೆ ಅನೇಕ ಹವಳಗಳಿಗೆ ಬಣ್ಣ ಮರಳತೊಡಗಿತು. ಆ ಹೊತ್ತಿಗೆ ಎಣಿಕೆ ನಿಲ್ಲಿಸಿದ್ದರೆ ಚೇತರಿಕೆಯೆಂದು ವರದಿಯಾಗುತ್ತಿತ್ತು. ಅಲ್ಲಿನ ತಂಡಗಳು ಅದೇ ಗೂಟಗಳ ಬಳಿಗೆ ಮತ್ತೆ ಮತ್ತೆ ಹೋದವು, ಮತ್ತು ಉಪವಾಸದಿಂದ ಸೊರಗಿದ ಹವಳಗಳ ಮೇಲೆ ಬಿಳಿ ಪ್ಲೇಗ್ ರೋಗ ಎರಗುವುದನ್ನು ಕಂಡವು. ಮುಂದಿನ ಒಂದೆರಡು ವರ್ಷಗಳಲ್ಲಿ ಸಮೀಕ್ಷೆಯ ತಾಣಗಳ ಹವಳದ ಹೊದಿಕೆಯಲ್ಲಿ ಸರಾಸರಿ ಅರ್ಧಕ್ಕೂ ಹೆಚ್ಚು ನಾಶವಾಯಿತು. ಕೊಂದದ್ದು ಬಿಸಿಯೋ ರೋಗವೋ ಎಂಬ ಪ್ರಶ್ನೆಗೆ ಎರಡೂ ಒಂದರ ಹಿಂದೊಂದು ಎಂಬ ಉತ್ತರ ಸಿಕ್ಕಿದ್ದು ಆ ತಾಳ್ಮೆಯಿಂದ ಮಾತ್ರ.

2014ರಲ್ಲಿ ಮಿಯಾಮಿಯ ಹತ್ತಿರ ಕಾಣಿಸಿಕೊಂಡ, ಇಪ್ಪತ್ತಕ್ಕೂ ಹೆಚ್ಚು ಜಾತಿಯ ಗಟ್ಟಿ ಹವಳಗಳ ಅಂಗಾಂಶವನ್ನು ಕಳಚಿಹಾಕುವ ರೋಗ ಅಲ್ಲಿಂದ ಫ್ಲಾರಿಡಾದ ಉದ್ದಕ್ಕೂ, ಕೆರಿಬಿಯನ್ನಿನ ಹಲವು ದೇಶಗಳಿಗೂ ಹರಡಿದೆ. ಅದನ್ನು ಎದುರಿಸುವ ಕ್ರಮಗಳನ್ನು ಓದುವಾಗ ನಮ್ಮ ಹುಳುಮನೆಯನ್ನೇ ಮತ್ತೊಂದು ಕಡೆ ಕಂಡಂತಾಯಿತು. ನಾವು ಬೆಳೆ ಇಳಿದ ಮೇಲೆ ಬ್ಲೀಚಿಂಗ್ ಪುಡಿಯ ನೀರಿನಿಂದ ತಟ್ಟೆ, ಗೋಡೆ, ನೆಲ ತೊಳೆಯುವಂತೆ ಅಲ್ಲಿನ ಮುಳುಗುಗಾರರು ರೋಗವಿರುವ ಜಾಗದಿಂದ ಬಂದ ಮೇಲೆ ತಮ್ಮ ಉಡುಪು, ಸಲಕರಣೆಗಳನ್ನು ಬ್ಲೀಚ್ ದ್ರಾವಣದಲ್ಲಿ ಅದ್ದುತ್ತಾರೆ, ರೋಗವಿಲ್ಲದ ಜಾಗಗಳನ್ನು ಮೊದಲು ನೋಡಿ ರೋಗವಿರುವ ಜಾಗಕ್ಕೆ ಕೊನೆಯಲ್ಲಿ ಹೋಗುತ್ತಾರೆ. ಗಾಯದ ಅಂಚಿಗೆ ಅಮಾಕ್ಸಿಸಿಲಿನ್ ಬೆರೆಸಿದ ಲೇಪವನ್ನು ಕೈಯಾರೆ ಮೆತ್ತುತ್ತಾರೆ. ಅನೇಕ ಸಲ ಆ ಗಾಯ ನಿಲ್ಲುತ್ತದೆ, ಆದರೆ ಅದೇ ಹವಳದಲ್ಲಿ ಹೊಸ ಗಾಯ ಬಾರದಂತೆ ತಡೆಯಲು ಅದಕ್ಕಾಗುವುದಿಲ್ಲ. ರೋಗ ಇನ್ನೂ ತಲುಪದ ಕಡೆಗಳಿಂದ ಆರೋಗ್ಯವಂತ ಹವಳಗಳನ್ನು ಮೊದಲೇ ಎತ್ತಿ ತಂದು ತೊಟ್ಟಿಗಳಲ್ಲಿ ಸಾಕುವ ಕೆಲಸವೂ ನಡೆದಿದೆ. ರೋಗದ ಮುಂಚೂಣಿ ಎಲ್ಲಿಗೆ ಬಂದಿದೆ ಎಂಬ ನಿತ್ಯದ ತಪಾಸಣೆಯಿಲ್ಲದೆ ಈ ಮೂರರಲ್ಲಿ ಒಂದನ್ನೂ ಮಾಡಲಾಗುತ್ತಿರಲಿಲ್ಲ.

ಹಾನಿ ಮತ್ತು ರೋಗ ಬೇರೆ ಬೇರೆ ಕಲಮುಗಳಲ್ಲಿ ಬರೆಯುವ ಸಂಗತಿಗಳಾದರೂ ನೀರಿನೊಳಗೆ ಅವು ಕೂಡಿಯೇ ಇರುತ್ತವೆ. ಏಷ್ಯಾ-ಪೆಸಿಫಿಕ್ ಪ್ರದೇಶದ 159 ದಿಬ್ಬಗಳಲ್ಲಿ 1,24,000ಕ್ಕೂ ಹೆಚ್ಚು ಹವಳಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ಲಾಸ್ಟಿಕ್ ತಾಗಿರದ ಹವಳಕ್ಕೆ ರೋಗವಿರುವ ಸಾಧ್ಯತೆ ಶೇ. 4, ಪ್ಲಾಸ್ಟಿಕ್ ಸುತ್ತಿಕೊಂಡಿರುವ ಹವಳಕ್ಕೆ ಶೇ. 89. ಪ್ಲಾಸ್ಟಿಕ್ ಉಜ್ಜಿ ಗಾಯ ಮಾಡುತ್ತದೆ, ಬೆಳಕನ್ನೂ ಆಮ್ಲಜನಕವನ್ನೂ ತಡೆಯುತ್ತದೆ, ಸೂಕ್ಷ್ಮಜೀವಿಗಳನ್ನು ಹೊತ್ತೂ ತರಬಹುದು. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಮ್ಮ ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಬಂಗಾಳ ಕೊಲ್ಲಿಯ ದಿಕ್ಕಿಗೆ ಹರಿಯುವ ನದಿಗಳೆಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಭಾರತದಲ್ಲಿ ಮುಖ್ಯ ದಿಬ್ಬಗಳಿರುವುದು ಕಚ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್-ನಿಕೋಬಾರ್‌ಗಳಲ್ಲಿ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು 1998ರಿಂದ ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳನ್ನು ಬಿಡದೆ ನೋಡುತ್ತಿದ್ದಾರೆ. 1998ರಲ್ಲಿ ಶೇ. 37ರಷ್ಟಿದ್ದ ಹವಳದ ಹೊದಿಕೆ 2022ರ ವೇಳೆಗೆ ಸುಮಾರು ಶೇ. 19ಕ್ಕೆ ಇಳಿದಿದೆ. 1998, 2010, 2016ರ ಬಿಸಿಯ ಅಲೆಗಳಲ್ಲಿ ಪ್ರತಿ ಬಾರಿ ಸತ್ತ ಹವಳದ ಪ್ರಮಾಣ ಹಿಂದಿನದಕ್ಕಿಂತ ಕಡಿಮೆಯೇ ಇತ್ತು, ಆದರೂ ಒಟ್ಟು ಹೊದಿಕೆ ಇಳಿಯುತ್ತಲೇ ಹೋಯಿತು, ಏಕೆಂದರೆ ಎರಡು ಅಲೆಗಳ ನಡುವೆ ಚೇತರಿಕೆಗೆ ವೇಗ ಬರಲು ಸುಮಾರು ಆರು ವರ್ಷಗಳ ಬಿಡುವು ಬೇಕಾಗಿತ್ತು. ಒಂದೇ ವರ್ಷ ಹೋಗಿ ನೋಡಿ ಬಂದವರಿಗೆ, ಅವರು ಎಷ್ಟೇ ನಿಪುಣರಾಗಿರಲಿ, ಇದು ಕಾಣುತ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯಿಂದಲೂ ಯುವಕ ಯುವತಿಯರು ಅಲ್ಲಿಗೆ ಮುಳುಗು ಕಲಿಯಲು ಹೋಗುತ್ತಿದ್ದಾರೆ. ಹೋಗುವವರು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಯೋಜನೆ 2002ರಿಂದ ಕೊಡುತ್ತಿರುವ ಬಣ್ಣದ ಪಟವನ್ನು ತಮ್ಮೊಡನೆ ಒಯ್ಯಬಹುದು. ಭತ್ತದ ಎಲೆಯ ಹಸಿರನ್ನು ಪಟಕ್ಕೆ ಹೋಲಿಸಿ ಯೂರಿಯಾ ಹಾಕುವ ಕ್ರಮವನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ: ಬಿ, ಸಿ, ಡಿ, ಇ ಎಂಬ ನಾಲ್ಕು ಬಣ್ಣಗಳು, ಪ್ರತಿಯೊಂದರಲ್ಲಿ 1ರಿಂದ 6ರವರೆಗೆ ತಿಳಿಯಿಂದ ಗಾಢಕ್ಕೆ ಮೆಟ್ಟಿಲುಗಳು. ಹವಳವನ್ನು ಮುಟ್ಟದೆ, ಅದರ ಮೇಲೆ ಕಾಲೂರದೆ, ಪಟವನ್ನು ಪಕ್ಕದಲ್ಲಿ ಹಿಡಿದು ಅತ್ಯಂತ ತಿಳಿಯಾದ ಭಾಗ ಯಾವುದಕ್ಕೆ ಹೊಂದುತ್ತದೆ, ಅತ್ಯಂತ ಗಾಢವಾದದ್ದು ಯಾವುದಕ್ಕೆ ಎಂದು ನೋಡಿ, ಹವಳ ಕವಲಿನದೋ ಗುಂಡಿನದೋ ತಟ್ಟೆಯದೋ ಮೆದುವಿನದೋ ಎಂಬುದನ್ನೂ ಸೇರಿಸಿ ಬರೆದುಕೊಳ್ಳಬೇಕು. ಒಂದು ಮುಳುಗಿನಲ್ಲಿ ಇಪ್ಪತ್ತು ಹವಳಗಳಾದರೂ ಆಗಬೇಕು, ದಿನಾಂಕ, ಆಳ ಮತ್ತು ನೀರಿನ ಬಿಸಿಯನ್ನು ಬರೆಯಬೇಕು, ಮುಂದಿನ ವರ್ಷ ಹೋದಾಗ ಅದೇ ಬಂಡೆಯನ್ನು ಹುಡುಕಿಕೊಂಡು ಹೋಗಬೇಕು.